ನೋವು ನುಂಗಿದ ಟೀಚರಮ್ಮ

ತನ್ನ ಎಡಗೈಯನ್ನು ಗಂಡ ಮುಟ್ಟಿದಾಗ, ನೆಲ ಬಾಯ್ಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು ಟೀಚರಮ್ಮನಿಗೆ.

ಮದುವೆಯ ಹೊಸತರಲ್ಲೂ ಅವಳು ಹೀಗೆ ಕುಗ್ಗಿರಲಿಲ್ಲ. ಒಮ್ಮೆ ಗದರಿದರೆ ಇಡೀ ಶಾಲೆ ಗಪ್‌ಚಿಪ್ ಆಗುತ್ತಿತ್ತು, ಅಂಥವಳು! ಪಾರ್ಶ್ವವಾಯು ಬಡಿದು ಎಡಭಾಗ ಸೋತ ಮೇಲೆ ಮಗ್ಗುಲು ಬದಲಿಸಲೂ ಅವನೇ ಬೇಕು, ಬಾಯಿ ಒರೆಸಲೂ ಅವನೇ ಬೇಕು...

ಅವನು ಬಡಗಿ. ಮರ ಹಿಡಿದು ಒರಟಾದ ಕೈಗಳು. ಆದರೂ ಆಸ್ಪತ್ರೆಯಲ್ಲಿ ಹೇಳಿಕೊಟ್ಟ ವ್ಯಾಯಾಮದಂತೆ ಒಂದು ಕೈಯನ್ನು ಅವಳ ಮೊಣಕೈ ಕೆಳಗಿಟ್ಟು, ಇನ್ನೊಂದರಲ್ಲಿ ಮಣಿಕಟ್ಟು ಹಿಡಿದು, ಹೂವೆತ್ತಿದಂತೆ ತೋಳನ್ನು ಮೇಲೆತ್ತುತ್ತಿದ್ದ.

"ನೋವಾದ ತಕ್ಷಣ ಹೇಳು. ಅಲ್ಲಿಗೇ ನಿಲ್ಲಿಸ್ಬೇಕಂತೆ," ಅಂದಿದ್ದ.

ನೋವಾಯಿತು. ಜೀವ ಹೋಗುವಷ್ಟು ನೋವಾಯಿತು.

'ನನಗೋಸ್ಕರ ಕೆಲಸ ಬಿಟ್ಟು ಕೂತಿದ್ದಾರೆ. ಮೇಲೆ ಅಯ್ಯೋ ಅಂತ ಬೇರೆ ಅರಚಲೇ?' ಅವಳು ಹಲ್ಲು ಕಚ್ಚಿ, ನೋವಿಲ್ಲ ಎಂದು ತಲೆಯಾಡಿಸಿದಳು. ದಿನವೂ ಅದೇ ಆಯಿತು.

ಒಂದು ಬೆಳಿಗ್ಗೆ ಭುಜ ಊದಿಕೊಂಡಿತ್ತು. ಅದನ್ನು ಕಂಡು ಅವನ ಮುಖ ಕಪ್ಪಿಟ್ಟಿತು. ಮರುದಿನ ಅವನು ಕರೆಸಿದ ನರ್ಸ್ ಮನೆಗೆ ಬಂದಳು. ಅವನು ಬಾಗಿಲಾಚೆಯೇ ಉಳಿದ.

'ಅಸಹ್ಯವಾಗಿದೆ ಅವರಿಗೆ. ಎಷ್ಟು ದಿನ ಅಂತ ಈ ಕೊರಡನ್ನು ಎತ್ತಿ ಇಳಿಸಿಯಾರು?' ಗೋಡೆಯತ್ತ ಮುಖ ಮಾಡಿ ಅತ್ತಳು.

ನರ್ಸ್ ಭುಜ ಮುಟ್ಟಿ ನೋಡಿ, ಇಷ್ಟು ಎಳೆದಿದ್ದು ಯಾರೆಂದು ರೇಗಿದಳು.

"ನಾನೇ ಸಿಸ್ಟರ್," ಬಾಗಿಲಾಚೆಯಿಂದ ದನಿ ಬಂತು. "ನನ್ನ ಕೈ ಮರಕ್ಕೇ ಲಾಯಕ್ಕು. ಅವಳನ್ನ ಮುಟ್ಟೋಕೇ ಭಯ ಆಗತ್ತೆ."

ಟೀಚರಮ್ಮ ಗೋಡೆಯಿಂದ ಮುಖ ತಿರುಗಿಸಿದಳು. ಅಸಹ್ಯವಲ್ಲ, ಭಯ! ತನ್ನ ತಪ್ಪನ್ನು ಆ ಮನುಷ್ಯ ತಲೆಯ ಮೇಲೆ ಹೊತ್ತು ನಿಂತಿದ್ದಾನೆ. ಇಷ್ಟು ದಿನ ಸೋತ ಮೈಗಾಗಿ ನಾಚಿದ್ದಳು. ಈಗ ತಾನು ಹೇಳಿದ ಸುಳ್ಳಿಗೆ ತಲೆಯೆತ್ತಲಾಗಲಿಲ್ಲ.

"ಅವರದ್ದಲ್ಲ... ತಪ್ಪು," ತೊದಲಿದಳು. "ನೋವಾಗ್ತಿತ್ತು. ನಾನೇ... ಹೇಳ್ಲಿಲ್ಲ. ಹೊರೆ ಆದೆ ಅಂತ... ನಾಚಿಕೆ."

ಅವನು ಒಳಗೆ ಬಂದ. ಬೈದಿದ್ದರೂ ಸಹಿಸಬಹುದಿತ್ತು, ಅವನ ಕಣ್ಣು ತುಂಬಿತ್ತು.

"ಹೊರೆ ಅಂತ ನಾನು ಯಾವತ್ತಾದ್ರೂ ಅಂದ್ನಾ?"

ಬಾಯಿದ್ದೂ ಮೂಗರು ನೀವಿಬ್ಬರೂ ಎಂದು ನರ್ಸ್ ಗೊಣಗಿದಳು. ಊತ ಇಳಿದ ಮೇಲೆ ಮತ್ತೆ ಬಂದು ಅವನನ್ನೇ ಮಂಚದ ಪಕ್ಕ ಕೂರಿಸಿದಳು.

ಅವನು ಹೆದರುತ್ತಲೇ ತೋಳೆತ್ತಿದ. ಸ್ವಲ್ಪ... ಇನ್ನೂ ಸ್ವಲ್ಪ...

"ನೋವು," ಅಂದಳು.

"ಇಲ್ಲಿಗೇ ನಿಲ್ಲಿಸ್ಲಾ?"

"ನಿಲ್ಸಿ..." ಅವಳು ಅವನ ಮುಖ ನೋಡಿದಳು. "ಕೈ ಬಿಡ್ಬೇಡಿ."