ಒದ್ದೆ ಹಿಟ್ಟು, ಮೂರು ದಿನದ ಪರವಾನಗಿ

ತೊಳೆದ ಪಾತ್ರೆಗಳನ್ನು ಒರೆಸದೆ ಮುಚ್ಚಿಟ್ಟರೆ ಒಂದು ಮುಗ್ಗಲು ವಾಸನೆ ಹುಟ್ಟುತ್ತದೆ. ಹೈದರಾಬಾದಿನ ಅಬಿಡ್ಸ್‌ನ ಅಂಚೆ ಕಚೇರಿಯ ಹಿಂದಿನ ಬಾಡಿಗೆ ಮನೆಯಲ್ಲಿ ಅಜ್ಜಿ ಒಮ್ಮೆ ಹಬ್ಬದ ಹಿತ್ತಾಳೆ ಕೊಳಗಗಳನ್ನು ಹಾಗೆಯೇ ಮರದ ಪೆಟ್ಟಿಗೆಗೆ ತುಂಬಿದ್ದಳು. ಮುಂದಿನ ಹಬ್ಬಕ್ಕೆ ಮುಚ್ಚಳ ತೆಗೆದಾಗ ಮನೆಮಂದಿಯೆಲ್ಲ ಮೂಗು ಹಿಡಿದುಕೊಂಡಿದ್ದರು. ಆಗ ಆರು ವರ್ಷದವಳಾಗಿದ್ದ ಗೋದಾವರಿಗೆ ಈಗ ಅರವತ್ತಾರು. ಶುಕ್ರವಾರ ಬೆಳಿಗ್ಗೆ, ನಲ್ಲಮಲ ಕಾಡಿನ ಅಂಚಿನಲ್ಲಿ, ಹೊಸ ಟ್ರೇಲರಿನ ಅಡುಗೆ ಪೆಟ್ಟಿಗೆ ತೆರೆದಾಗ ಅದೇ ವಾಸನೆ ಅವಳ ಮುಖಕ್ಕೆ ಹೊಡೆಯಿತು.

"ನರಹರಿ, ಸ್ವಲ್ಪ ಇಲ್ಲಿ ಬಾ" ಎಂದಳು.

ತಮ್ಮ ಬಂದು ಬಗ್ಗಿ ನೋಡಿದ. ಪೆಟ್ಟಿಗೆಯ ತಳದಲ್ಲಿ ಎರಡು ಬೆರಳು ನೀರು ನಿಂತಿತ್ತು. ಅದರಲ್ಲಿ ಬೆಂಕಿಪೊಟ್ಟಣಗಳು ಬಾಯಿ ಬಿಚ್ಚಿಕೊಂಡು ತೇಲುತ್ತಿದ್ದವು. ಜೋಳದ ಹಿಟ್ಟಿನ ಬಟ್ಟೆಚೀಲ ಉಬ್ಬಿ ದಿಂಬಿನಂತಾಗಿತ್ತು. ಅಕ್ಕಿ ನೆನೆದಿತ್ತು. ಉಪ್ಪು ಇದ್ದ ಜಾಗದಲ್ಲಿ ಬರಿಯ ಕಾಗದವಿತ್ತು.

"ಮಳಿ ನೀರು ಒಳಗ ಹೋಗೂದು ಸಾಧ್ಯನ ಇಲ್ಲ ಅಕ್ಕಾ. ನಾನ ರಬ್ಬರ್ ಕೂಡಿಸೀನಿ."

"ಮಳಿ ನೀರಲ್ಲಪ್ಪ. ನಾವ ತುಂಬಿದ ನೀರು."

ನರಹರಿ ಹೈದರಾಬಾದಿನ ರಕ್ಷಣಾ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತನಾದವನು. ಧೂಳು, ಮಳೆ ಒಳಗೆ ಹೋಗದಂಥ ಪೆಟ್ಟಿಗೆ ಮಾಡುವುದೇ ಅವನ ಉದ್ಯೋಗವಾಗಿತ್ತು. ಜೀಡಿಮೆಟ್ಲಾದ ಗೆಳೆಯನ ಶೆಡ್ಡಿನಲ್ಲಿ ಎಂಟು ತಿಂಗಳು ಕೂತು ಈ ಪುಟ್ಟ ಟ್ರೇಲರನ್ನು ಕಟ್ಟಿದ್ದ. ಒಂದು ಹಾಸಿಗೆ, ಒಂದು ಒಲೆ, ಉಕ್ಕಿನ ಆರು ಪೆಟ್ಟಿಗೆ. ಮನೆಯಂಥದ್ದು ಎಂದ ಮೇಲೆ ಹಾಲು ಉಕ್ಕಿಸದೆ ಹೊರಡುವುದು ಹೇಗೆ? ಗುರುವಾರ ಶೆಡ್ಡಿನಲ್ಲೇ ಪೂಜೆಯಾಯಿತು. ಹಾಲು ಉಕ್ಕಿತು. ಟ್ರೇಲರಿನ ಒಲೆಯಲ್ಲೇ ಅಡುಗೆ ಮಾಡಿ ಕೆಲಸಗಾರರಿಗೆಲ್ಲ ಬಡಿಸಿದರು. ಊಟ ಮುಗಿದಾಗ ಗಂಟೆ ಒಂದಾಗಿತ್ತು. ಒಂದೂವರೆಗೆ ರಾಹುಕಾಲ. ಮುಸುರೆ ಪಾತ್ರೆ ಇಟ್ಟುಕೊಂಡು ಪ್ರಯಾಣ ಮಾಡಲು ಗೋದಾವರಿ ಒಪ್ಪಲಿಲ್ಲ, ರಾಹುಕಾಲದಲ್ಲಿ ಹೊರಡಲು ನರಹರಿ ಒಪ್ಪಲಿಲ್ಲ. ಒಲೆಗೂ ನೀರು ಹೊಯ್ದು ತೊಳೆದು, ನೀರಿಳಿಯುತ್ತಿದ್ದ ಪಾತ್ರೆಗಳನ್ನು ಹಾಗೆಯೇ ತುಂಬಿ, ಮುಚ್ಚಳ ಬಿಗಿದು ಹೊರಟುಬಿಟ್ಟರು. ಘಾಟಿಯ ತಿರುವುಗಳಲ್ಲಿ ಎಲ್ಲ ಉರುಳಾಡಿತು. ರಬ್ಬರು ತನ್ನ ಕೆಲಸ ಚೆನ್ನಾಗಿ ಮಾಡಿತು. ಒಳಗಿನ ಒಂದು ಹನಿಯೂ ಹೊರಗೆ ಬರಲಿಲ್ಲ.

ಇಷ್ಟೆಲ್ಲ ನರಹರಿಯ ಮಗಳು ನಿರೀಕ್ಷಾಳಿಗಾಗಿ. ಅವಳು ಗಿಡಮರಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಕಾಡಿನ ಒಳಗಿನ ಕಮರಿಯೊಂದರಲ್ಲಿ ನೆಲದ ಮೇಲೆ ಬೆಳೆಯುವ ಸೀತಾಳೆ ಜಾತಿಯ ಗಿಡವಿದೆ. ಮಳೆಗಾಲದಲ್ಲಿ ಒಂದೇ ವಾರ ಹೂ ಬಿಡುತ್ತದೆ. ಮೊದಲ ವರ್ಷ ಅವಳು ತಲುಪುವಷ್ಟರಲ್ಲಿ ಹೂ ಬಾಡಿತ್ತು. ಎರಡನೆಯ ವರ್ಷ ಪರವಾನಗಿ ತಡವಾಯಿತು. ಇದು ಮೂರನೆಯದು, ಕೊನೆಯದು. ಅರಣ್ಯ ಇಲಾಖೆಯ ಪರವಾನಗಿ ಪತ್ರದಲ್ಲಿ ಶುಕ್ರವಾರ, ಶನಿವಾರ, ಭಾನುವಾರ ಎಂದಿತ್ತು. ಕಮರಿಗೆ ಹೋಗಿ ಬರಲು ಆ ಮೂರು ದಿನವೂ ಬೇಕು. ದಾರಿಯಲ್ಲಿ ತಿನ್ನಲು ಏನೂ ಸಿಗದು. ಅವಳಿಗೂ ದಾರಿ ತೋರಿಸುವವನಿಗೂ ಆಗುವಷ್ಟು ಬುತ್ತಿ ಕಟ್ಟಿಕೊಡುವುದು ಅತ್ತೆ ಗೋದಾವರಿಯ ಕೆಲಸವಾಗಿತ್ತು.

"ಅಮ್ಮಾರ, ಹಿಟ್ಟು ಇನ್ನೂ ಹುಳಿ ಆಗಿಲ್ಲರಿ" ಎಂದಳು ಸೂಗಮ್ಮ, ಚೀಲಕ್ಕೆ ಮೂಗು ಹಚ್ಚಿ. ದೇವದುರ್ಗದ ಕಡೆಯವಳು, ಕಟ್ಟಡದ ಕೆಲಸಕ್ಕೆಂದು ಹೈದರಾಬಾದಿಗೆ ಬಂದು, ಈಗ ಗೋದಾವರಿಯ ಬೇಗಂಪೇಟೆಯ ಮನೆಯಲ್ಲಿ ಅಡುಗೆಗಿದ್ದಳು. "ಮಧ್ಯಾಹ್ನದ ತನಕ ತಡೀತೈತಿ. ಅಷ್ಟರಾಗ ಎಲ್ಲಾ ರೊಟ್ಟಿ ಬಡದು ಖಡಕ್ ಮಾಡಿದ್ರ ನಾಕು ದಿನ ಬಾಳತಾವು. ಬೆಂಕಿ ಒಂದು ಬೇಕು ನೋಡ್ರಿ."

ಬೆಂಕಿಯೇ ಇರಲಿಲ್ಲ. ಹತ್ತಿರದ ಅಂಗಡಿಗೆ ಹೋಗಿ ಬರಲು ಅರ್ಧ ದಿನ ಬೇಕು.

ಕಡ್ಡಿಗಳನ್ನು ಟ್ರೇಲರ್ ಎಳೆದು ತಂದಿದ್ದ ಜೀಪಿನ ಬಿಸಿಗಾಳಿಯ ಮುಂದೆ ಸಾಲಾಗಿ ಜೋಡಿಸಿದರು. ಗಾಜೆಲ್ಲ ಮಂಜಾಯಿತು. ಅರ್ಧ ಗಂಟೆಯ ಮೇಲೆ ಗೀರಿದರೆ ಕಡ್ಡಿಯ ತಲೆ ಮಣ್ಣಿನಂತೆ ಉದುರಿತು. ತಾಡಪತ್ರಿಯ ಕೆಳಗೆ ಪಾತ್ರೆ ಹರವಿದರೆ ಮಳೆ ಅಡ್ಡಗಾಳಿಗೆ ಓರೆಯಾಗಿ ನುಗ್ಗಿತು. ಒರೆಸುವ ಬಟ್ಟೆಯೇ ಒದ್ದೆ. ಒಂದು ತಟ್ಟೆ ಒರೆಸಿ ಇಡುವಷ್ಟರಲ್ಲಿ ಇನ್ನೊಂದು ನೆನೆಯುತ್ತಿತ್ತು. ಗೋದಾವರಿ ಚಮಚಗಳನ್ನು ತನ್ನ ಸೆರಗಿನಿಂದ ಒಂದೊಂದಾಗಿ ಒರೆಸಿದಳು. ಏನಾದರೂ ಮಾಡುತ್ತಿರಬೇಕು ಎಂದು ಮಾತ್ರ ಒರೆಸಿದಳು.

ದಾರಿ ತೋರಿಸಬೇಕಿದ್ದ ಚೆಂಚು ಬುಡಕಟ್ಟಿನ ಮುದುಕ ಹಳ್ಳ ದಾಟಿ ಬಂದ. ಇವರ ಅವಸ್ಥೆ ನೋಡಿ, ಸೊಂಟದ ಪ್ಲಾಸ್ಟಿಕ್ ಗಂಟು ಬಿಚ್ಚಿ, ಬೀಡಿಗೆಂದು ಇಟ್ಟುಕೊಂಡಿದ್ದ ಆರು ಕಡ್ಡಿಗಳನ್ನೂ ಕೊಟ್ಟುಬಿಟ್ಟ. ತನಗೊಂದನ್ನೂ ಉಳಿಸಿಕೊಳ್ಳಲಿಲ್ಲ. ನರಹರಿ ಗ್ಯಾಸ್ ಒಲೆ ಹಚ್ಚಿದ. ಕೊಳವೆಯಲ್ಲಿ ನೀರು ನಿಂತಿತ್ತು. ನೀಲಿ ಉರಿ ಒಮ್ಮೆ ಎದ್ದು, ಬುಸ್ ಎಂದು ಆರಿತು. ಆರು ಸಲವೂ ಹಾಗೆಯೇ ಆಯಿತು.

"ಪದಿಂಟಿಕಿ ಪೋವಾಲೆ" ಎಂದ ಮುದುಕ. ಹತ್ತಕ್ಕೆ ಹೊರಡದಿದ್ದರೆ ಹಗಲಿರುವಾಗ ಕಮರಿ ಸೇರಲು ಆಗುವುದಿಲ್ಲ.

ಗಂಟೆ ಏಳೂವರೆ.

"ವಾಪಸ್ ಹೋಗೋಣ ಅಪ್ಪಾ" ಎಂದಳು ನಿರೀಕ್ಷಾ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನರಹರಿಗೆ ಹಗುರವಾಗುತ್ತಿತ್ತು. ಅವನು ಜೀಪಿನ ಗಾಲಿಯ ಪಕ್ಕ ಕುಕ್ಕರಿಸಿದ.

ಸೂಗಮ್ಮ ಮಾತ್ರ ಹಳ್ಳದ ಆಚೆ ನೋಡುತ್ತಿದ್ದಳು. ಮಳೆಯ ನಡುವೆ ಒಂದು ಗುಡಿಸಿಲಿನ ಮಾಡಿನಿಂದ ಹೊಗೆ ಏಳುತ್ತಿತ್ತು. "ಅದ್ಯಾರ ಮನಿ?" ಎಂದು ಮುದುಕನನ್ನು ತೆಲುಗಿನಲ್ಲಿ ಕೇಳಿದಳು. ಅವನದೇ ಮನೆ. ಹೆಂಡತಿ ಈದಮ್ಮ ಒಲೆ ಆರಲು ಬಿಡುವುದಿಲ್ಲವಂತೆ.

"ಏಳ್ರಿ ಸಾಹೇಬ್ರ. ಬೆಂಕಿ ಇಲ್ಲಿಗೆ ಬರೂದಿಲ್ಲ. ನಾವ ಹೋಗಬೇಕು."

ಬೆಳಿಗ್ಗೆ ಮೊಣಕಾಲಿನವರೆಗೆ ಇದ್ದ ಹಳ್ಳ ಈಗ ಸೊಂಟ ಮುಟ್ಟುತ್ತಿತ್ತು. ಎಲ್ಲರ ಸೊಂಟಕ್ಕೂ ಸುತ್ತಿದ ಹಗ್ಗದ ತುದಿ ಹಿಡಿದು ಮುದುಕ ಮುಂದೆ ಇಳಿದ. ಹಿಂದೆ ನಿರೀಕ್ಷಾ. ಹಿಟ್ಟಿನ ಕೊಳಗ ಸೂಗಮ್ಮನ ತಲೆಯ ಮೇಲೆ. ಅದರ ಮೇಲೆ ಮಳೆ ಬೀಳದಂತೆ ಪೆಟ್ಟಿಗೆಯ ಉಕ್ಕಿನ ಮುಚ್ಚಳವನ್ನು ಕೊಡೆಯಂತೆ ಎತ್ತಿ ಹಿಡಿದು ನರಹರಿ. ರೊಟ್ಟಿಯ ಹಂಚನ್ನು ಬೆನ್ನಿಗೆ ಕಟ್ಟಿಕೊಂಡು, ಎಲ್ಲರ ಹಿಂದೆ ಗೋದಾವರಿ.

ನಡುಹಳ್ಳ. ಕಾಲ ಕೆಳಗಿನ ಕಲ್ಲು ಉರುಳಿತು.

ಗೋದಾವರಿ ಜಾರಿದಳು. ನೀರು ಎದೆಗೆ ಬಂತು, ಬಾಯಿಗೆ ಬಂತು. ಬೆನ್ನಿನ ಗಂಟು ಬಿಚ್ಚಿತು. ಹಂಚು ಒಮ್ಮೆ ತಿರುಗಿ, ಮುಳುಗಿ, ಇಲ್ಲವಾಯಿತು.

"ಅಕ್ಕಾ, ಸೆರಗು ಕೊಡು!"

ನರಹರಿ ಒಂದು ಕೈಯಲ್ಲಿ ಮುಚ್ಚಳ ಹಿಡಿದೇ ಇನ್ನೊಂದು ಕೈಯಲ್ಲಿ ಅಕ್ಕನ ಸೆರಗು ಎಳೆದ. ಹಗ್ಗ ಬಿಗಿಯಿತು. ಮುದುಕ ಆಚೆ ದಡದ ಮರಕ್ಕೆ ಕಾಲು ಕೊಟ್ಟು ಜಗ್ಗಿದ. ಕೆಸರಿನಲ್ಲಿ ತೆವಳುತ್ತಾ ಎಲ್ಲರೂ ದಡ ಹತ್ತಿದರು. ಹಿಟ್ಟು ಉಳಿದಿತ್ತು.

"ಹಂಚು ಹೋತು" ಎಂದಳು ಗೋದಾವರಿ, ಕೆಮ್ಮುತ್ತಾ.

"ನೀವ್ ಹೋಗಲಿಲ್ಲಲ್ರಿ, ಬಿಡ್ರಿ" ಎಂದಳು ಸೂಗಮ್ಮ.

ಈದಮ್ಮ ಬಾಗಿಲಲ್ಲಿ ನಿಂತಿದ್ದಳು. ಯಾರು, ಏಕೆ ಎಂದು ಕೇಳಲಿಲ್ಲ. ಒಲೆಯ ಮುಂದಿನ ತನ್ನ ಚಾಪೆಯನ್ನು ಸರಿಸಿ ಜಾಗ ಮಾಡಿದಳು. ಆದರೆ ಅವಳ ಮನೆಯಲ್ಲಿ ಹಂಚಿರಲಿಲ್ಲ. ಅವರ ಊಟವೆಲ್ಲ ಗಡಿಗೆಯಲ್ಲಿ ಬೇಯುವಂಥದ್ದು. ಸೂಗಮ್ಮನ ಕೈ ಹಿಟ್ಟಿನಲ್ಲೇ ನಿಂತಿತು. ಎಂಟೂ ಮುಕ್ಕಾಲು.

ನರಹರಿ ತನ್ನ ಕೈಯಲ್ಲಿದ್ದ ಮುಚ್ಚಳವನ್ನು ನೋಡಿದ. ಅದರ ಅಂಚಿನ ರಬ್ಬರ್ ಪಟ್ಟಿಗಾಗಿ ಅವನು ಜೀಡಿಮೆಟ್ಲಾದ ಅಂಗಡಿಗಳನ್ನೆಲ್ಲ ಸುತ್ತಿದ್ದ. ಮೂರು ಸಲ ಕಿತ್ತು ಕೂಡಿಸಿದ್ದ. ಈಗ ಜೇಬಿನಿಂದ ಚಾಕು ತೆಗೆದು ಒಂದು ಮೂಲೆಯಲ್ಲಿ ಚುಚ್ಚಿ, ಪಟ್ಟಿಯನ್ನು ಉದ್ದಕ್ಕೆ ಸೀಳಿ ಎಳೆದ. ಅಂಟನ್ನು ಬೂದಿ ಹಾಕಿ ತಿಕ್ಕಿದ. ಬೋಳು ಉಕ್ಕನ್ನು ಒಲೆಯ ಮೂರು ಕಲ್ಲುಗಳ ಮೇಲಿಟ್ಟ.

"ಬಡೀ ಸೂಗಮ್ಮ."

ಮೊದಲಿನ ಎರಡು ರೊಟ್ಟಿ ಅಂಟಿಕೊಂಡು ಹರಿದವು. ಮೂರನೆಯದು ಎದ್ದಿತು. ಆಮೇಲೆ ಗುಡಿಸಿಲಿನಲ್ಲಿ ಪಟಪಟ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಸೂಗಮ್ಮ ಬಡಿದಳು, ಗೋದಾವರಿ ಬೇಯಿಸಿದಳು, ನರಹರಿ ಒಲೆಯ ಸುತ್ತ ರೊಟ್ಟಿಗಳನ್ನು ನಿಲ್ಲಿಸಿ ಒಣಗಿಸಿದ. ಈದಮ್ಮ ಮಳೆಗಾಲಕ್ಕೆಂದು ಕೂಡಿಟ್ಟಿದ್ದ ಒಣ ಸೌದೆಯನ್ನು ಕೇಳದೆಯೇ ಒಟ್ಟುತ್ತಾ ಹೋದಳು. ಆ ರಾಶಿ ಅರ್ಧವಾದದ್ದನ್ನು ಗೋದಾವರಿ ನೋಡಿದಳು.

ಹತ್ತಕ್ಕೆ ಸರಿಯಾಗಿ ಇಪ್ಪತ್ತೊಂದು ರೊಟ್ಟಿ ಬಟ್ಟೆಯಲ್ಲಿ ಕಟ್ಟಿದ್ದಾಯಿತು.

"ನಿಮಗ?" ಎಂದಳು ನಿರೀಕ್ಷಾ.

"ನಮ್ಮ ಕಡೆ ಬೆಲ್ಲ, ಶೇಂಗಾ ಅದಾವು. ನೀ ನಡಿ. ನೆಲ ನೋಡಿ ಹೆಜ್ಜಿ ಇಡು" ಎಂದಳು ಗೋದಾವರಿ.

ಅವಳೂ ಮುದುಕನೂ ಬಿದಿರಿನ ಹಿಂದೆ ಮರೆಯಾದರು.

ಆ ಮೇಲಿನ ಎರಡು ದಿನ ಬಹಳ ಉದ್ದವಾಗಿದ್ದವು. ಮಧ್ಯಾಹ್ನ ಹಳ್ಳ ಸ್ವಲ್ಪ ಇಳಿದಾಗ ಮೂವರೂ ಟ್ರೇಲರಿಗೆ ಮರಳಿದರು. ಈದಮ್ಮ ಗಡಿಗೆಯಲ್ಲಿ ಕೆಂಡ ಕೊಟ್ಟಿದ್ದಳು. ಅದರಲ್ಲಿ ನೆನೆದ ಅಕ್ಕಿ ಒಮ್ಮೆ ಬೆಂದಿತು. ಶನಿವಾರದ ಗಾಳಿಮಳೆಗೆ ಹಳ್ಳ ಮತ್ತೆ ಏರಿತು, ಕೆಸರಿನ ದಾರಿಯಲ್ಲಿ ಜೀಪು ಹೊರಡುವಂತಿರಲಿಲ್ಲ. ಕೆಂಡವೂ ಆರಿತು, ಉಳಿದ ಅನ್ನವೂ ಹಳಸಿತು. ನರಹರಿ ಮೊಳೆ, ಕಲ್ಲು ಹಿಡಿದು ಪ್ರತಿ ಪೆಟ್ಟಿಗೆಯ ತಳಕ್ಕೂ ನಾಲ್ಕು ತೂತು ಹೊಡೆದ. ಗೋದಾವರಿ ದಾರ ಕಟ್ಟಿ ಪಾತ್ರೆಗಳನ್ನು ಬೋರಲಾಗಿ ತೂಗುಹಾಕಿದಳು. ದೊಡ್ಡವು ಕೆಳಗೆ, ಸಣ್ಣವು ಮೇಲೆ, ಒಂದಕ್ಕೊಂದು ತಾಗದಂತೆ. ಕಾಡಿನ ಒಳಗಿನಿಂದ ಗುಡುಗು ಕೇಳಿದಾಗಲೆಲ್ಲ ಅವಳ ಕೈ ನಿಲ್ಲುತ್ತಿತ್ತು. ಫೋನಿಗೆ ಸಿಗ್ನಲ್ ಇರಲಿಲ್ಲ. ಹುಡುಗಿ ಈಗ ಎಲ್ಲಿದ್ದಾಳೆ, ಆ ರೊಟ್ಟಿ ಒಣಗೇ ಉಳಿದಿದೆಯೇ ಎಂದು ತಿಳಿಯುವ ದಾರಿಯೇ ಇರಲಿಲ್ಲ. ಬೆಲ್ಲ ಶನಿವಾರವೇ ಮುಗಿಯಿತು. ಸೂಗಮ್ಮ ತನ್ನ ಪಾಲಿನ ಶೇಂಗಾ ತಿಂದಂತೆ ಮಾಡಿ ಗೋದಾವರಿಯ ಡಬ್ಬಿಗೆ ಹಾಕುತ್ತಿದ್ದಳು. ಗೋದಾವರಿ ಕಂಡೂ ಕಾಣದಂತಿದ್ದು, ಅವನ್ನು ತಿನ್ನದೆ ಇಟ್ಟು, ಭಾನುವಾರ ಮೂವರಿಗೂ ಹಂಚಿದಳು.

ಭಾನುವಾರ ಮಧ್ಯಾಹ್ನ ಮಳೆ ನಿಂತಿತು. ಹಳ್ಳ ಮೊಣಕಾಲಿಗೆ ಇಳಿದ ಕೂಡಲೇ ಅವರು ದಾಟಿ ಈದಮ್ಮನ ಅಂಗಳದಲ್ಲಿ ಕೂತರು. ನಾಲ್ಕಾಯಿತು. ನಾಲ್ಕೂವರೆಯಾಯಿತು. ನರಹರಿ ಏಳುತ್ತಿದ್ದ, ಕೂರುತ್ತಿದ್ದ.

ಬಿದಿರು ಅಲುಗಿತು. ಮುದುಕನ ಹೆಗಲಿಗೆ ಕೈ ಕೊಟ್ಟುಕೊಂಡು, ಒಂದು ಕಾಲೆಳೆಯುತ್ತಾ ನಿರೀಕ್ಷಾ ಬಂದಳು. ಮುಖದ ತುಂಬ ಕೆಸರು. ರೊಟ್ಟಿಯ ಬಟ್ಟೆಯಲ್ಲಿ ಸುತ್ತಿದ್ದ ಕ್ಯಾಮೆರಾ ತೆಗೆದು ಅಪ್ಪನಿಗೆ ತೋರಿಸಿದಳು. ಬಂಡೆಯ ನೆರಳಿನಲ್ಲಿ ಹಸಿರು ಬೆರೆತ ಬಿಳಿ ಹೂಗಳು.

"ಏಳು ಗಿಡ ಅದಾವ ಅಪ್ಪಾ. ಎಲ್ಲಾದರದೂ ಅಳತಿ ತಗೊಂಡೆ."

"ಕಾಲು?"

"ಉಳುಕ್ಯಾದ, ಅಷ್ಟ. ಅತ್ಯಾ, ಕಡೀ ರೊಟ್ಟಿ ಇವತ್ತ ಮುಂಜಾನಿ ತಿಂದ್ವಿ. ಭಾಳ ಹಸಿವಾಗ್ಯಾದ."

ಗೋದಾವರಿ ಅಭ್ಯಾಸಬಲದಿಂದ ಎದ್ದಳು. ಎದ್ದ ಮೇಲೆ ನೆನಪಾಯಿತು. ಆಚೆ ದಡದಲ್ಲಿ ಅವಳ ಪಾತ್ರೆಗಳು ಒಣಗಿ, ಹೊಳೆಯುತ್ತಾ, ಸಾಲಾಗಿ ತೂಗುತ್ತಿದ್ದವು. ಅವುಗಳಲ್ಲಿ ಹಾಕಿ ಬೇಯಿಸಲು ಒಂದು ಹಿಡಿ ಕಾಳೂ ಇರಲಿಲ್ಲ. ಅಲ್ಲೇ ನಿಂತಳು.

ಬೆನ್ನ ಹಿಂದೆ ಬಳೆಯ ಸದ್ದಾಯಿತು. ಈದಮ್ಮ ಒಳಗಿನಿಂದ ಮುತ್ತುಗದ ಎಲೆಯೊಂದನ್ನು ತಂದಿದ್ದಳು. ಅದರ ಮೇಲೆ ಹಬೆಯಾಡುವ, ಜೋಳದ ನುಚ್ಚು ಬೇಯಿಸಿದ ಗಟಕ, ಪಕ್ಕದಲ್ಲಿ ಹುಣಸೆ ಖಾರ. ಆ ಮೊದಲ ಎಲೆಯನ್ನು ಅವಳು ತಾನೇ ಹುಡುಗಿಗೆ ಕೊಡಲಿಲ್ಲ. ಗೋದಾವರಿಯ ಎರಡೂ ಕೈಗಳನ್ನು ಹಿಡಿದು, ಎಲೆಯನ್ನು ಅವುಗಳ ಮೇಲಿಟ್ಟು, ಹುಡುಗಿಯತ್ತ ಕಣ್ಣು ತೋರಿಸಿ, ಉಳಿದವರ ಎಲೆ ತರಲು ಒಳಗೆ ಹೋದಳು.