ಮೂರೇ ಕಲ್ಲು

ದೆವ್ವ ಗಿವ್ವ ನಂಬುವವನಲ್ಲ ನಾನು. ಅಗ್ನಿಶಾಮಕ ದಳದ ಓಟದ ಪರೀಕ್ಷೆಯಲ್ಲಿ ಎರಡು ಸಲ ಸೋತಿದ್ದೆ. ವಯಸ್ಸು ಮೀರುತ್ತಿತ್ತು, ಇದೇ ಕೊನೆಯ ಅವಕಾಶ. ದಿನಾ ಬೆಳಿಗ್ಗೆ ಮೈದಾನದಲ್ಲಿ ಹನ್ನೆರಡು ಸುತ್ತು. ಗೆರೆಯ ಪಕ್ಕ ಹನ್ನೆರಡು ಕಲ್ಲಿಟ್ಟು, ಸುತ್ತಿಗೊಂದರಂತೆ ಎತ್ತಿ ಎಸೆಯುತ್ತಿದ್ದೆ. ಕಲ್ಲು ಕಡಿಮೆಯಾಗುವುದು ಕಂಡರೇ ಕಾಲಿಗೆ ಧೈರ್ಯ.

ಆವತ್ತು ಎದೆ ಬಿರಿಯುವಂತಿತ್ತು. ಇನ್ನು ಮೂರೇ ಕಲ್ಲು. ಒಂದು ಸುತ್ತು ಓಡಿ ಒಂದನ್ನು ಎಸೆದೆ. ಮತ್ತೆ ಸುತ್ತಿ ಬಂದರೆ ಮೂರೇ ಇದ್ದವು. ಎಣಿಕೆ ತಪ್ಪಿರಬೇಕೆಂದು ಮತ್ತೊಂದನ್ನು ಎಸೆದು ಓಡಿದೆ. ಬಂದರೆ ಮತ್ತೆ ಮೂರು. ಚಳಿಗೆ ನನ್ನ ಕೈ ಮರಗಟ್ಟಿತ್ತು; ಎತ್ತಿದ ಕಲ್ಲು ಮಾತ್ರ ಯಾರೋ ಮುಷ್ಟಿಯಲ್ಲಿ ಹಿಡಿದಿದ್ದಂತೆ ಬೆಚ್ಚಗೆ ಬೆವರಿತ್ತು. "ಸಾಕು, ಬಿಟ್ಬಿಡು" ಎಂದು ಯಾರನ್ನೋ ಬೇಡುತ್ತಾ, ಅಳುತ್ತಾ ಓಡಿದೆ.

ಗಡಿಯಾರ ಹಿಡಿದು ಕೂತಿದ್ದ ಅಕ್ಕ ಓಡಿಬಂದು ತೋಳು ಹಿಡಿದಳು. "ತಲೆ ಕೆಟ್ಟಿದೆಯೇನೋ? ಹದಿನೇಳು ಸುತ್ತಾಯ್ತು!"

"ಕಲ್ಲು ಯಾರಕ್ಕಾ ಇಡ್ತಿರೋದು?"

"ಇಲ್ಲಿ ಇನ್ಯಾರಿದ್ದಾರೋ?"

ಕೈಯಲ್ಲಿದ್ದ ಕಲ್ಲನ್ನು ಮನೆಗೆ ತಂದು ಕಿಟಕಿಯಲ್ಲಿಟ್ಟೆ. ಪರೀಕ್ಷೆ ಪಾಸಾಯಿತು, ಕೆಲಸಕ್ಕೆ ಸೇರಿ ಎಂಟು ವರ್ಷವಾಯಿತು. ಓಡಿ ಬಂದ ದಿನ ಆ ಕಲ್ಲು ತಣ್ಣಗಿರುತ್ತದೆ. ಸೋಮಾರಿತನದಿಂದ ಮಲಗಿಬಿಟ್ಟ ಬೆಳಿಗ್ಗೆ ಮುಟ್ಟಿದರೆ ಬೆಚ್ಚಗೆ, ಒದ್ದೆಯಾಗಿರುತ್ತದೆ.