ತಡವಾಗಿ ಬರುವ ದೀಪ

ಮಂಗಳವಾರ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಠಾಣೆಯ ಬಾಗಿಲಲ್ಲಿ ನಿಂತ ಪಹರೆಯವನಿಗೆ ತನ್ನ ಬೂಟು ತನಗೇ ಕಾಣುತ್ತಿರಲಿಲ್ಲ. ಆ ಮಂಜಿನೊಳಗಿಂದ ಮೊದಲು ಒಂದು ಕೆಮ್ಮು, ಆಮೇಲೆ ಒಂದು ಕೈಚೀಲ, ಕೊನೆಗೆ ಚಿಕ್ಕ ಶಾಲೆಯ ಹೆಡ್ ಮೇಡಂ ಹೊರಬಂದರು. ಇನ್ಸ್‌ಪೆಕ್ಟರ್ ಕಿಟಕಿಯಾಚೆ ನೋಡುತ್ತ ಕೂತಿದ್ದರು. ಮೇಲಧಿಕಾರಿಗಳು ಅವರನ್ನು ಬೆನ್ನ ಹಿಂದೆ ನಿದ್ದೆಗಣ್ಣು ಎಂದು ಕರೆಯುತ್ತಿದ್ದರು. ಅದಕ್ಕೆ ಸರಿಯಾಗಿ ಅವರಿಗೆ ಸಿಕ್ಕ ಹೆಡ್ ಕಾನ್‌ಸ್ಟೇಬಲ್ ಮಾತಿಗೊಂದು ಸಲ ಆಕಳಿಸುವವನು. ಊರೆಲ್ಲ ಅವನನ್ನು ಆಕಳಿಕೆ ಎಂದೇ ಕರೆಯುತ್ತಿತ್ತು. ಇಂಥ ಜೋಡಿಯ ಕೈಗೆ ಕೇಸು ಸಿಕ್ಕರೆ ದೇವರೇ ಗತಿ ಎಂದು ನಗುವವರಿದ್ದರು. ನಗಲಿ ಬಿಡಿ, ನಗುವುದಕ್ಕೇನು ತೆರಿಗೆಯೆ?

“ಕಳುವಾಗಿದ್ದೇನು ಮೇಡಂ?”

“ಪೆಟ್ಟಿಗೆ ಸಾರ್. ನೆಟ್‌ವರ್ಕಿಂದು. ಮೂರು ದಿನ ರಜೆ ಇತ್ತು, ಇವತ್ತು ಬೀಗ ತೆಗೆದ್ರೆ ಇಲ್ಲ.”

ಅವರ ಶಾಲೆಯಲ್ಲಿ ತರಗತಿಗಳು ಏಳೇ ಏಳು. ಒಂದೊಂದರಲ್ಲೂ ಕಂಪ್ಯೂಟರ್ ಇಟ್ಟು, ಎಲ್ಲದರ ತಂತಿಯನ್ನೂ ಹಳೆಯ ನಕ್ಷೆ ಕೋಣೆಗೆ ಎಳೆದು ತಂದು ಆ ಪೆಟ್ಟಿಗೆಗೆ ಸಿಕ್ಕಿಸಿದ್ದರು. ಪೆಟ್ಟಿಗೆ ಇದ್ದರೆ ಏಳೂ ಕೋಣೆಗಳು ಒಂದಕ್ಕೊಂದು ಮಾತಾಡುತ್ತವೆ, ಇಲ್ಲದಿದ್ದರೆ ಎಲ್ಲವೂ ಮೂಕ. ಗುರುವಾರ ಇಲಾಖೆಯ ತಪಾಸಣೆ. ಅಂದು ನೆಟ್‌ವರ್ಕ್ ನಡೆಯದಿದ್ದರೆ ಶಾಲೆ ಮುಚ್ಚಿ, ಮಕ್ಕಳನ್ನು ದೂರದ ದೊಡ್ಡ ಶಾಲೆಗೆ ಸೇರಿಸುತ್ತಾರಂತೆ. ಬೇರೆ ಪೆಟ್ಟಿಗೆ ತಂದಿಡೋಣವೆಂದರೆ ಕಳುವಾದದ್ದರ ಬೆನ್ನಿಗೆ ಸರ್ಕಾರಿ ನಂಬರಿನ ಚೀಟಿ ಅಂಟಿದೆ, ಅದೂ ತಾಳೆಯಾಗಬೇಕು. ಹೇಳುತ್ತ ಹೇಳುತ್ತ ಮೇಡಂ ಮುಖ ಸಣ್ಣದಾಯಿತು. ಎಫ್‌ಐಆರ್ ದಾಖಲಾಯಿತು.

ಸ್ಥಳ ಪಂಚನಾಮೆಗೆ ಹೋದಾಗ ಮಂಜು ಶಾಲೆಯೊಳಗೂ ಬಂದಿತ್ತು. ಮಕ್ಕಳ ಮಗ್ಗಿ ಯಾವ ಕೋಣೆಯಿಂದ ಬರುತ್ತಿದೆಯೋ ತಿಳಿಯದೆ, ಗೋಡೆಗಳೇ ಮಗ್ಗಿ ಹೇಳುತ್ತಿರುವಂತೆ ಕೇಳುತ್ತಿತ್ತು. ನಕ್ಷೆ ಕೋಣೆಯ ಬೀಗ ಒಡೆದಿರಲಿಲ್ಲ. ಮೂಲೆಯಲ್ಲಿ ಎರಡು ಹೊಸ ಕಂಪ್ಯೂಟರ್ ಯಾರೂ ಮುಟ್ಟದೆ ಹಾಗೆಯೇ ಕೂತಿದ್ದವು. ಗೋಡೆಯ ಮೇಲೆ ಪೆಟ್ಟಿಗೆ ಇದ್ದ ಜಾಗ ಮಾತ್ರ ಖಾಲಿ.

ಆಕಳಿಕೆ ಬಾಯಿ ತೆರೆದವನು ಹಾಗೆಯೇ ನಿಂತ. “ಸಾರ್, ಈ ತಂತಿಗಳನ್ನ ನೋಡಿ.”

ಕಳ್ಳನಾದವನು ತಂತಿಯನ್ನು ಕಿತ್ತು ಬಿಸಾಕುತ್ತಾನೆ, ಆತುರವಿದ್ದರೆ ಕತ್ತರಿಸುತ್ತಾನೆ. ಇಲ್ಲಿ ಎಂಟೂ ತಂತಿಗಳನ್ನು ತರಗತಿಯ ಕ್ರಮದಲ್ಲಿ ಜೋಡಿಸಿ, ತುದಿಗೆ ಧೂಳು ಕೂರದಂತೆ ಟೋಪಿ ಹಾಕಿ, ಒಂದೊಂದಕ್ಕೂ ಅಂಕಿ ಬರೆದ ಬಟ್ಟೆಯ ಪಟ್ಟಿ ಕಟ್ಟಿ, ಜಡೆ ಹೆಣೆದ ಹಾಗೆ ಮೊಳೆಗೆ ನೇತುಹಾಕಲಾಗಿತ್ತು. ಒಂದರಿಂದ ಏಳು ತರಗತಿಗಳಿಗೆ, ಎಂಟನೆಯದು ಆಫೀಸಿಗೆ. ಕಳ್ಳತನಕ್ಕೆ ಬಂದ ಕೈಗೂ ಕಸುಬಿನ ಅಭ್ಯಾಸ ಬಿಟ್ಟಿರಲಿಲ್ಲ.

ಇನ್ನೇನು ಹೋಗಿದೆ ಎಂದು ಇನ್ಸ್‌ಪೆಕ್ಟರ್ ಕೇಳಿದರು. ಮೇಡಂ ಕಪಾಟು ತಡಕಾಡಿ, ಗೇಣುದ್ದದ ನಾಲ್ಕು ತುಂಡು ತಂತಿಗಳು ಕಾಣುತ್ತಿಲ್ಲ, ಅವನ್ನು ಯಾರು ತಾನೇ ಕದಿಯುತ್ತಾರೆ, ಮೂರು ಕಾಸಿಗೂ ಬಾರದವು ಎಂದರು.

“ಪೆಟ್ಟಿಗೆ ಚೆನ್ನಾಗಿತ್ತಾ?”

“ಇತ್ತು. ತಂತಿಗೊಂದು ದೀಪ ಇದೆ, ಏಳನೇದು ಮಾತ್ರ ತಡವಾಗಿ ಹತ್ತೋದು. ರಿಪೇರಿ ಮಾಡಿ ಕೊಡಿ ಅಂತ ತಂತಿ ಮಾಮಂಗೆ ಎಷ್ಟು ಸಲ ಹೇಳಿದೀನಿ. ನಾಳೆ, ನಾಳಿದ್ದು ಅಂತ ಮುಂದೂಡ್ತಾನೇ ಬಂದ್ರು.”

ತಂತಿ ಮಾಮ ಎಂದರೆ ಈ ನೆಟ್‌ವರ್ಕಿನ ಯೋಜನೆ ಹಾಕಿ ಕೊಟ್ಟವರು. ಯಾವ ಗೋಡೆ ಕೊರೆಯಬೇಕು, ಯಾವ ತಂತಿ ಎಲ್ಲಿ ತಿರುಗಬೇಕು ಎಲ್ಲವೂ ಅವರದೇ ಲೆಕ್ಕಾಚಾರ. ಅವರ ಹೆಂಡತಿ ಇದೇ ಶಾಲೆಯಲ್ಲಿ ಒಂದನೇ ತರಗತಿಗೆ ಪಾಠ ಮಾಡುತ್ತಲೇ ತಲೆ ನರೆದವರು. ಈಗ ಪಾಪ, ಮರೆವು. ಗಂಡನನ್ನೇ “ನೀವು ಯಾರ ಮನೆಯವರು?” ಎಂದು ಕೇಳುತ್ತಾರಂತೆ. ಮನೆಯಲ್ಲಿ ಒಬ್ಬರನ್ನೇ ಬಿಡಲಾಗದೆ ಕೆಲಸ ನಡೆದಷ್ಟು ದಿನವೂ ಮಾಮ ಅವರನ್ನು ಜೊತೆಗೆ ಕರೆತಂದು ಪೆಟ್ಟಿಗೆಯ ಎದುರಿಗೆ ಕೂರಿಸುತ್ತಿದ್ದರು. ಅವರೂ ಮಿಣಮಿಣ ದೀಪ ನೋಡುತ್ತ ತಣ್ಣಗೆ ಕೂತಿರುತ್ತಿದ್ದರು. ಕೆಲಸ ಮುಗಿದು ಹದಿನೈದು ದಿನವಾಗಿತ್ತು.

ಇನ್ಸ್‌ಪೆಕ್ಟರ್ ಖಾಲಿ ಗೋಡೆಯನ್ನು ಬಹಳ ಹೊತ್ತು ನೋಡಿದರು. ಗೊತ್ತಾಗಿಹೋಗಿತ್ತು. ಗೊತ್ತಾಗದಿದ್ದರೇ ಚೆನ್ನಾಗಿತ್ತು ಎಂದು ಮನಸ್ಸು ಒದ್ದಾಡಿತು.

ಬುಧವಾರ ಮಧ್ಯಾಹ್ನ, ಇಬ್ಬರು ಪಂಚರೊಂದಿಗೆ ಅವರು ತಂತಿ ಮಾಮನ ಮನೆ ಬಾಗಿಲು ತಟ್ಟಿದರು. ಕಿಟಕಿಗೆ ಪರದೆ ಎಳೆದಿತ್ತು. ಅದರ ಹಿಂದೆ ಹಸಿರು ಬೆಳಕು ಉಸಿರಾಡಿದಂತೆ ಬಂದು ಹೋಗುತ್ತಿತ್ತು. ಮಾಮ ಬಾಗಿಲು ತೆಗೆದು, ಖಾಕಿ ಕಂಡು, ತಾವೇ ಪಕ್ಕಕ್ಕೆ ಸರಿದು ನಿಂತರು.

“ಬೀಗದ ಕೈ ಎಲ್ಲಿಂದ ಬಂತು?”

“ಕೆಲಸ ಮಾಡುವಾಗ ನನ್ನ ಹತ್ರ ಎರಡಿತ್ತು. ಒಂದನ್ನೇ ವಾಪಸ್ ಕೊಟ್ಟೆ.”

“ಯಾಕೆ ತಂದ್ರಿ?”

ಮಾಮ ಒಳಗೆ ನೋಡಿದರು. ಒಂದೊಂದು ದೀಪ ಒಂದೊಂದು ಕ್ಲಾಸು ಅಂತ ಯಾವತ್ತೋ ಹೆಂಡತಿಗೆ ತಮಾಷೆಗೆ ಹೇಳಿದ್ದರಂತೆ. ಅವತ್ತಿನಿಂದ ಆಕೆ ಹಾಜರಿ ಕರೆಯತೊಡಗಿದರು. ಕೆಲಸ ಮುಗಿದ ಮೇಲೆ ಊಟ ಬಿಟ್ಟರು, ಬಾಗಿಲ ಬಳಿ ನಿಂತು ಮಕ್ಕಳೆಲ್ಲಿ, ಮಕ್ಕಳೆಲ್ಲಿ ಎಂದು ಅಳುತ್ತಿದ್ದರು. ಮಾಮ ಅಂಥದೇ ಹೊಸ ಪೆಟ್ಟಿಗೆ ತಂದು ಹಚ್ಚಿದರು. ಅದರಲ್ಲಿ ಎಲ್ಲ ದೀಪವೂ ಒಟ್ಟಿಗೇ ಹತ್ತಿದವು. ತಡವಾಗಿ ಬರುವವನು ಇಲ್ಲವಲ್ಲ, ಇವರು ನನ್ನ ಮಕ್ಕಳಲ್ಲ ಎಂದು ಆಕೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು.

“ಆ ಹೊಸದನ್ನ ಅಲ್ಲಿಟ್ಟು ಇದನ್ನ ತರಬಹುದಿತ್ತಲ್ಲ. ಯಾರಿಗೂ ಗೊತ್ತಾಗ್ತಿರಲಿಲ್ಲ.”

“ನಂಬರ್ ಚೀಟಿ ಕಿತ್ತು ಅಂಟಿಸ್ಬೇಕಿತ್ತು. ಅದು ಮೋಸ ಆಗುತ್ತೆ ಸಾರ್.”

ಆಕಳಿಕೆಗೆ ನಗು ಬಂತು, ಅರ್ಧಕ್ಕೇ ನಿಂತಿತು.

“ಕೇಳಬಹುದಿತ್ತಲ್ಲ?”

“ತಪಾಸಣೆ ಇರೋ ಪೆಟ್ಟಿಗೇನ ಯಾವ ಮುಖ ಇಟ್ಕೊಂಡು ಕೇಳ್ಲಿ? ವಾಪಸ್ ಇಡೋಣ ಅಂತ ದಿನಾ ಹೊರಡ್ತೀನಿ. ಅವಳು ಊಟ ಮಾಡ್ತಿರ್ತಾಳೆ. ಕೀಳೋಕೆ ಕೈ ಬರಲ್ಲ.”

ಒಳಗೆ ಮೇಜಿನ ಮೇಲೆ ಪೆಟ್ಟಿಗೆ. ಒಂದು ತೂತಿನಿಂದ ಪಕ್ಕದ ತೂತಿಗೆ ಆ ನಾಲ್ಕು ತುಂಡು ತಂತಿಗಳನ್ನು ಸಿಕ್ಕಿಸಲಾಗಿತ್ತು. ತಂತಿ ಸಿಕ್ಕಿಸದೆ ದೀಪ ಹತ್ತುವುದಿಲ್ಲ. ಎದುರಿಗೆ ಮಾಮನ ಹೆಂಡತಿ, ಟೀಚರ್, ನೀಟಾಗಿ ಸೆರಗು ಹೊದ್ದು ಕೂತಿದ್ದರು. ಮಾಮ ಹೋಗಿ ಗುಂಡಿ ಒತ್ತಿ ಪೆಟ್ಟಿಗೆ ಆರಿಸಿ ಮತ್ತೆ ಹಚ್ಚಿದರು. ದಿನವೂ ಶಾಲೆ ಶುರುವಾಗುವುದು ಹೀಗೆಯೇ ಇರಬೇಕು.

“ಒಂದು,” ಎಂದರು ಟೀಚರ್. ದೀಪ ಹತ್ತಿತು. ಎರಡು. ಮೂರು. ಆರರವರೆಗೆ ಸರಾಗವಾಗಿ ಬಂದು ನಿಲ್ಲಿಸಿ, ಬೆರಳೆತ್ತಿ ಕಾದರು. ಪಂಚರೂ ಕಾದರು. ಆಕಳಿಕೆ ಆಕಳಿಸುವುದನ್ನು ಮರೆತ. ಇನ್ಸ್‌ಪೆಕ್ಟರಿಗೆ ತಾವು ಯಾವ ಊರಲ್ಲಿ, ಯಾವ ಕೆಲಸಕ್ಕೆ ನಿಂತಿದ್ದೇವೆಂಬುದೇ ಒಂದು ಗಳಿಗೆ ನೆನಪಾಗದೆ ಹೋಯಿತು.

ಏಳನೆಯ ದೀಪ ಎರಡು ಸಲ ಮಿಣುಕಿ, ಹತ್ತಿತು.

“ಬಂದ್ಯಾ? ಕೂತ್ಕೋ,” ಎಂದರು ಟೀಚರ್, ಸಿಟ್ಟಿಲ್ಲದೆ.

ಇನ್ಸ್‌ಪೆಕ್ಟರ್ ಹಾಜರಿ ಮುಗಿಯಲು ಬಿಟ್ಟು, ಆಮೇಲೆ ಪೆಟ್ಟಿಗೆಗೆ ಕೈ ಹಾಕಿದರು. ಟೀಚರ್ ಅವರ ಮಣಿಕಟ್ಟು ಹಿಡಿದರು.

“ನನ್ನ ಮಕ್ಕಳನ್ನ ಎಲ್ಲಿಗೆ ಕರ್ಕೊಂಡು ಹೋಗ್ತೀರಾ?”

ಮಾಮ ಮುಖ ತಿರುಗಿಸಿದರು. ಇನ್ಸ್‌ಪೆಕ್ಟರ್ ಆಕೆಯ ಮುಖದ ಮಟ್ಟಕ್ಕೆ ಬಗ್ಗಿದರು.

“ಪರೀಕ್ಷೆಗೆ, ಟೀಚರ್.”

ಆಕೆ ಯೋಚಿಸಿ ಕೈ ಬಿಟ್ಟರು. “ಏಳನೆಯವನನ್ನ ಬೈಬೇಡಿ. ಸ್ವಲ್ಪ ಹೊತ್ತು ಕೊಡಿ. ಬರ್ತಾನೆ.”

ಜಪ್ತಿ ಪಂಚನಾಮೆಗೆ ಸಹಿಗಳಾದವು. ಟೀಚರ ತಂಗಿ ಬಂದು ಅಕ್ಕನ ಪಕ್ಕ ಕೂತ ಮೇಲೆ ಮಾಮನನ್ನು ಬಂಧಿಸಲಾಯಿತು. ಸಂಜೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿ, ಪೆಟ್ಟಿಗೆಯನ್ನು ಶಾಲೆಯ ವಶಕ್ಕೆ ಕೊಡಲು ಅಪ್ಪಣೆ ಪಡೆದದ್ದೂ ಆಯಿತು. ಮಾಮನಿಗೆ ಜಾಮೀನು ಸಿಕ್ಕಿತು, ಶಾಲೆಯ ಆವರಣಕ್ಕೆ ಕಾಲಿಡಬಾರದೆಂಬ ಷರತ್ತಿನ ಮೇಲೆ. ಉದ್ದೇಶ ಎಂಬ ಕಡೆ ಇನ್ಸ್‌ಪೆಕ್ಟರ್ ಒಂದೇ ಸಾಲು ಬರೆದರು: ಹೆಂಡತಿ ಊಟ ಮಾಡಲೆಂದು.

ಗುರುವಾರ ತಂತಿ ಸಿಕ್ಕಿಸಲು ಯಾರನ್ನೂ ಕರೆಯಬೇಕಾಗಲಿಲ್ಲ. ಬಟ್ಟೆ ಪಟ್ಟಿಯ ಅಂಕಿ ನೋಡಿ ನೋಡಿ ಆಕಳಿಕೆಯೇ ಸಿಕ್ಕಿಸಿದ. ತಪಾಸಣಾಧಿಕಾರಿ ಚೀಟಿಯ ನಂಬರ್ ತಾಳೆ ನೋಡಿ, ಪೆಟ್ಟಿಗೆ ಹಚ್ಚಿಸಿ, ದೀಪಗಳ ಮೇಲೆ ಪೆನ್ನು ಆಡಿಸುತ್ತ ಬಂದು ಏಳರಲ್ಲಿ ನಿಂತರು. ಹುಬ್ಬು ಗಂಟಾಯಿತು.

“ಸ್ವಲ್ಪ ಹೊತ್ತು ಕೊಡಿ ಸಾರ್,” ಎಂದರು ಇನ್ಸ್‌ಪೆಕ್ಟರ್ ಬಾಗಿಲಿನಿಂದ. “ಬರ್ತಾನೆ.”

ಬಂದ. ಅಧಿಕಾರಿ ಗುರುತು ಹಾಕಿ ಮುಂದಿನ ಕೋಣೆಗೆ ನಡೆದರು.

ಎಲ್ಲರೂ ಹೋದ ಮೇಲೆ ಮೇಡಂ ಆಫೀಸಿನಿಂದ ಒಂದು ಕುರ್ಚಿ ಎಳೆದು ತಂದು ಪೆಟ್ಟಿಗೆಯ ಎದುರಿಗೆ ಇಟ್ಟರು.

“ಜಾಮೀನಿನ ಷರತ್ತಲ್ಲಿ ಟೀಚರ ಹೆಸರೂ ಇದೆಯಾ ಸಾರ್?”

“ಇಲ್ಲ.”

“ಹಾಗಾದ್ರೆ ಅವರ ತಂಗಿಗೆ ಹೇಳಿ. ಬೆಲ್ ಹೊಡೆಯೋದ್ರೊಳಗೆ ಕರ್ಕೊಂಡು ಬರಲಿ.”